‘ನೆರ್ವುಸ್’ ಎಂಬ ಲ್ಯಾಟಿನ್ ಶಬ್ದವೂ ನಮ್ಮ ನರ–ಸ್ನಾಯುಗಳೂ

ಇಂಗ್ಲಿಷಿನ ‘ನರ್ವ್’ ಎಂಬ ಶಬ್ದಕ್ಕೂ ಕನ್ನಡದ ‘ನರ’ವೆಂಬ ಶಬ್ದಕ್ಕೂ ಇರುವ ಹೋಲಿಕೆಯು ಎರಡು ಭಾಷೆಗಳನ್ನೂ ಬಲ್ಲವರ ಕಿವಿಗೆ ಬೀಳದೆ ಇರದು. ಧ್ವನಿಯೂ ಸಮೀಪ, ಅರ್ಥವೂ ಸಮೀಪ. ಆದಕಾರಣ ಒಂದು ಇನ್ನೊಂದರಿಂದ ಹುಟ್ಟಿರಬೇಕೆಂದು ನಂಬಿದವರು ನಮ್ಮ ಉಪಾಧ್ಯಾಯವರ್ಗದಲ್ಲಿ ಅನೇಕರುಂಟು. ಅವರಲ್ಲಿ ಕನ್ನಡದ ಅಭಿಮಾನ ಹೆಚ್ಚಾಗಿರುವವರು ‘ನರ್ವ್’ ಎಂಬುದು ನಮ್ಮ ‘ನರ’ದ ಕೂಸೆನ್ನುವರು. ಸಂಸ್ಕೃತದ ಅಭಿಮಾನಿಗಳು ಎರಡನ್ನೂ ‘ಸ್ನಾಯು’ ಶಬ್ದದಿಂದ ಹೊರಡಿಸುವರು. ಮೊದಲನೆಯ ಮತವು ಪೂರ್ತಿಯಾಗಿ ತಪ್ಪು. ಎರಡನೆಯದು ಅರ್ಧ ಸರಿ, ಅರ್ಧ ತಪ್ಪು. ಇಷ್ಟನ್ನು ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಅರ್ಧ ಪುಟದ ಟಿಪ್ಪಣಿಯು ಸಾಕಾಗುತ್ತಿತ್ತು. ಆದರೆ ಈ ಮೂರು ಶಬ್ದಗಳ ಅರ್ಥವೂ ಕಾಲಾಂತರದಲ್ಲಿ ಪಲ್ಲಟಗೊಂಡಿದೆ. ಆ ಪಲ್ಲಟವನ್ನು ಅರಿಯದೆ ಹಳೆಯ ಗ್ರಂಥಗಳನ್ನು ಓದಿದರೆ ಗ್ರಂಥಕಾರನು ಹೇಳದಿದ್ದ ಮಾತನ್ನು ಅವನ ಬಾಯಲ್ಲಿ ಇಟ್ಟಂತಾಗುವುದು. ಆದುದರಿಂದ ವಿಷಯವನ್ನು ತುಸು ವಿಸ್ತಾರವಾಗಿಯೇ ವಿಚಾರಿಸಬೇಕಾಗಿದೆ.

ಮೊದಲು ಆಡುಮಾತನ್ನು ನೋಡೋಣ. ರಾಣೇಬೆನ್ನೂರು ತಾಲೂಕಿನ ಹಲಗೇರಿಯ ಕಡೆಯ ಒಕ್ಕಲಿಗನು “ಕುತ್ತಿಗೀ ನರಾ ಹಿಡದೈತಿ” ಎಂದರೆ ಅವನ ಕೊರಳಿನ ಮಾಂಸಖಂಡವು ಬಿಗಿದಿದೆಯೆಂದು ಅರ್ಥ. “ಕಾಲಿನ ನರಾ ಎಳದೈತಿ” ಎಂದರೆ ಹಿಮ್ಮಡಿಯ ಮೇಲಿನ ಕಟ್ಟು ನೋಯುತ್ತಿದೆಯೆಂದು ಅರ್ಥ. “ಕೈಯಾನ ನರಾ ಉಬ್ಬ್ಯಾವ” ಎಂದರೆ ತೊಗಲಿನ ಕೆಳಗೆ ನೀಲಿಯಾಗಿ ಕಾಣುವ ರಕ್ತನಾಳಗಳು ಉಬ್ಬಿವೆಯೆಂದು ಅರ್ಥ. ವೀಳ್ಯದೆಲೆಯ ಬೆನ್ನಿನಿಂದ ಬಿಡಿಸಿ ತೆಗೆಯುವುದೂ ನರವೇ. ಇವುಗಳಲ್ಲಿ ಒಂದಾದರೂ ಇಂದಿನ ಪಠ್ಯಪುಸ್ತಕದ ‘ನರ’ವಲ್ಲ. ಮಿದುಳಿನಿಂದಲೂ ಬೆನ್ನುಹುರಿಯಿಂದಲೂ ಹೊರಟು ಸಂವೇದನೆಯನ್ನೂ ಚಲನೆಯ ಆಜ್ಞೆಯನ್ನೂ ಒಯ್ಯುವ ಬೆಳ್ಳನೆಯ ಎಳೆಯೆಂಬುದು ಪಠ್ಯಪುಸ್ತಕದ ಅರ್ಥ. ದೇಹದಲ್ಲಿ ದಾರದಂತೆ ನೀಳವಾಗಿ ಬಿಗಿಯಾಗಿ ಇರುವುದೆಲ್ಲವೂ ನರವೆಂಬುದು ಬಳಕೆಯ ಅರ್ಥ. ಹಲಗೇರಿಯಿಂದ ತಾಲೂಕಿನ ಆಸ್ಪತ್ರೆಗೆ ಬಂದ ರೋಗಿಯು ಎರಡನೆಯ ಅರ್ಥದಲ್ಲಿ ಆಡಿದ ಮಾತನ್ನು ಹೊಸದಾಗಿ ಬಂದ ವೈದ್ಯನು ಮೊದಲನೆಯ ಅರ್ಥದಲ್ಲಿ ಗ್ರಹಿಸಿದರೆ ಏನಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಳಕೆಯ ಅರ್ಥವನ್ನು ಅಜ್ಞಾನವೆಂದು ಹಳಿಯುವವರೂ ಉಂಟು. ಅದು ಅಜ್ಞಾನವಲ್ಲ, ಪ್ರಾಚೀನತೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪಂಡಿತನೂ ತನ್ನ ಭಾಷೆಯ ‘ನೆರ್ವುಸ್’ ಶಬ್ದವನ್ನು ಹೀಗೆಯೇ ಬಳಸುತ್ತಿದ್ದನು.

‘ನೆರ್ವುಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮೊದಲಿಗೆ ಮಾಂಸವನ್ನು ಎಲುಬಿಗೆ ಬಿಗಿಯುವ ಗಟ್ಟಿಯಾದ ಕಟ್ಟು. ಅದರಿಂದ ಬಿಲ್ಲಿನ ಹೆದೆ, ವಾದ್ಯದ ತಂತಿ, ಸೆರೆಯಾಳನ್ನು ಕಟ್ಟುವ ಬಂಧನ ಎಂಬ ಅರ್ಥಗಳು ಬೆಳೆದವು. ಅನಂತರ ಬಲ, ಕಸುವು ಎಂಬ ಲಾಕ್ಷಣಿಕಾರ್ಥವೂ ಬಂದಿತು. ಸಿಸೆರೋ ತನ್ನ ಒಂದು ಭಾಷಣದಲ್ಲಿ ಧನವನ್ನು ಯುದ್ಧದ ‘ನೆರ್ವುಸ್’ ಎಂದು ಕರೆದಿರುವನು. ಅಲ್ಲಿ ಕಸುವೆಂಬುದೇ ಅರ್ಥ, ಸಂವೇದನೆಯ ಸುಳಿವೂ ಇಲ್ಲ. ಕ್ರಿಸ್ತಶಕ 1ನೆಯ ಶತಮಾನದ ವೈದ್ಯಗ್ರಂಥಕಾರನಾದ ಕೆಲ್ಸುಸನಲ್ಲಿಯೂ ಈ ಶಬ್ದವು ಬಹುಮಟ್ಟಿಗೆ ಕಟ್ಟುಗಳನ್ನೇ ಹೇಳುವುದು.

ಗ್ರೀಕಿನ ‘ನೆಉರೋನ್’ ಶಬ್ದದ ಚರಿತ್ರೆಯು ಇನ್ನೂ ಸ್ವಾರಸ್ಯವಾದುದು. ಹೋಮರನ ಕಾವ್ಯದಲ್ಲಿ ಅದೂ ಅದರ ಸಹೋದರಶಬ್ದವೂ ಎತ್ತಿನ ದೇಹದಿಂದ ತೆಗೆದ ಹುರಿಗೆ, ಬಿಲ್ಲಿನ ಹೆದೆಗೆ ಸಲ್ಲುವುವು. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿಯೂ ಅರಿಸ್ಟಾಟಲನಲ್ಲಿಯೂ ಇದೇ ಅರ್ಥ. ಅರಿಸ್ಟಾಟಲನು ಈ ಕಟ್ಟುಗಳಿಗೆ ಹೃದಯವೇ ಮೂಲವೆಂದು ಭಾವಿಸಿದ್ದನು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಹೆರೋಫಿಲಸ್, ಎರಾಸಿಸ್ಟ್ರಾಟಸ್ ಎಂಬಿಬ್ಬರು ಮನುಷ್ಯಶರೀರವನ್ನು ಕೊಯ್ದು ನೋಡಿ, ಮಿದುಳಿನಿಂದಲೂ ಬೆನ್ನುಹುರಿಯಿಂದಲೂ ಹೊರಡುವ ಎಳೆಗಳು ಬೇರೆಯೇ ಒಂದು ಜಾತಿಯವೆಂದೂ, ಅವು ಅರಿವಿಗೂ ಚಲನೆಗೂ ಕಾರಣವೆಂದೂ ಕಂಡುಕೊಂಡರು. ಹೊಸ ವಸ್ತುವು ದೊರೆಯಿತು, ಹೊಸ ಹೆಸರು ಹುಟ್ಟಲಿಲ್ಲ. ನೋಡುವುದಕ್ಕೆ ಹುರಿಯಂತೆಯೇ ಇದ್ದುದರಿಂದ ಅದಕ್ಕೂ ‘ನೆಉರೋನ್’ ಎಂದೇ ಹೆಸರಾಯಿತು. ಮುಂದೆ ಗೇಲೆನನು (ಕ್ರಿಸ್ತಶಕ 129ರಲ್ಲಿ ಹುಟ್ಟಿದವನು) ಹಂದಿಯ ಕೊರಳಿನಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಎಳೆಯನ್ನು ಕತ್ತರಿಸಿ, ಕಿರಿಚುತ್ತಿದ್ದ ಪ್ರಾಣಿಯು ಒಮ್ಮೆಲೇ ಮೂಕವಾಗುವುದನ್ನು ಜನರೆದುರಿಗೆ ತೋರಿಸಿದನು. ಮಾಂಸವನ್ನು ಎಲುಬಿಗೆ ಕಟ್ಟುವ ಹುರಿಗೆ ಒಂದು, ಎಲುಬನ್ನು ಎಲುಬಿಗೆ ಬಿಗಿಯುವ ಪಟ್ಟಿಗೆ ಒಂದು, ಮಿದುಳಿನ ಎಳೆಗೆ ಒಂದು ಎಂದು ಮೂರು ಹೆಸರುಗಳನ್ನು ಅವನು ಬೇರ್ಪಡಿಸಿ ಬಳಸಿದನು. ಆ ಹಂಚಿಕೆಯಲ್ಲಿ ‘ನೆಉರೋನ್’ ಎಂಬ ಹಳೆಯ ಶಬ್ದವು ತನ್ನ ಹಳೆಯ ವಸ್ತುವನ್ನು ಬಿಟ್ಟು ಹೊಸ ವಸ್ತುವಿನ ಪಾಲಿಗೆ ಹೋಯಿತು. ಲ್ಯಾಟಿನಿನ ‘ನೆರ್ವುಸ್’ ಅದರ ಹೆಜ್ಜೆಯನ್ನು ಅನುಸರಿಸಿತು.

ಶಾಸ್ತ್ರದಲ್ಲಿ ಹೀಗೆ ನಿರ್ಣಯವಾದರೂ ಲೋಕದ ಮಾತು ಬೇಗನೆ ಬಗ್ಗಲಿಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಸಿಂಹದ ‘ನರ್ವ್’ ಎಂದಿರುವಲ್ಲಿ ಅದರ ಗಟ್ಟಿಮುಟ್ಟಾದ ಕಟ್ಟೆಂಬುದೇ ಅರ್ಥ. ‘ನರ್ವಸ್’ ಎಂಬ ವಿಶೇಷಣಕ್ಕೆ ಬಹುಕಾಲ ಬಲಿಷ್ಠ, ಓಜಸ್ವಿ ಎಂಬ ಅರ್ಥವಿದ್ದಿತು. ಆಮೇಲೆ ಅಂಜುಬುರುಕನೆಂಬ ತದ್ವಿರುದ್ಧಾರ್ಥವು ಬಂದಿತು. ಡಾಕ್ಟರ್ ಜಾನ್ಸನನು 1755ರ ತನ್ನ ನಿಘಂಟಿನಲ್ಲಿ ಎರಡನ್ನೂ ಕೊಟ್ಟು, ಎರಡನೆಯದು ವೈದ್ಯರ ಆಡುನುಡಿಯೆಂದು ತುಸು ಮೂಗು ಮುರಿದಿರುವನು. ಇಂಗ್ಲಿಷ್ ಗದ್ಯವನ್ನು ಬೋಧಿಸುವ ನಮ್ಮವರು ಹದಿನೆಂಟನೆಯ ಶತಮಾನದ ಲೇಖಕರ ‘ನರ್ವಸ್’ ಶೈಲಿಯನ್ನು ಅಳುಕಿನ ಶೈಲಿಯೆಂದು ವಿವರಿಸಿದರೆ ಮೆಚ್ಚಿಕೆಯನ್ನು ನಿಂದೆಯಾಗಿ ತಿರುಗಿಸಿದ ಹಾಗಾಗುವುದು.

ಇನ್ನು ಸಂಸ್ಕೃತದ ಕಡೆಗೆ ಬರೋಣ. ಗ್ರೀಕಿನ ‘ನೆಉರೋನ್’, ಲ್ಯಾಟಿನಿನ ‘ನೆರ್ವುಸ್’, ಅವೆಸ್ತಾದ ‘ಸ್ನಾವರ್’, ವೇದದ ‘ಸ್ನಾವನ್’, ಆಮೇಲಿನ ಸಂಸ್ಕೃತದ ‘ಸ್ನಾಯು’ ಇವೆಲ್ಲವೂ ಒಂದೇ ಮೂಲದಿಂದ ಬಂದುವೆಂಬುದರಲ್ಲಿ ಭಾಷಾಶಾಸ್ತ್ರಜ್ಞರಿಗೆ ಸಂಶಯವಿಲ್ಲ. ಆದಿಯ ಸಕಾರವು ಗ್ರೀಕ್ ಲ್ಯಾಟಿನ್‌ಗಳಲ್ಲಿ ಏಕೆ ಕಾಣದೆಂದರೆ, ನಕಾರದ ಮುಂದಿನ ಸಕಾರವು ಆ ಭಾಷೆಗಳಲ್ಲಿ ನಿಯಮೇನ ಲೋಪವಾಗುವುದು. ಇದಕ್ಕೆ ನಮ್ಮ ಮನೆಯೊಳಗಿನದೇ ಒಂದು ನಿದರ್ಶನವುಂಟು. ಸಂಸ್ಕೃತದ ‘ಸ್ನುಷಾ’ ಶಬ್ದವು ಲ್ಯಾಟಿನಿನಲ್ಲಿ ‘ನುರುಸ್’ ಎಂದೂ ಗ್ರೀಕಿನಲ್ಲಿ ‘ನುಓಸ್’ ಎಂದೂ ಕಾಣುವುದು. ಅಲ್ಲಿ ಸಕಾರವು ಹೋಗಿ ನಕಾರವು ಉಳಿಯಿತು. ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದಾಗ ನಕಾರವು ಹೋಗಿ ಸಕಾರವು ಉಳಿದು ‘ಸೊಸೆ’ಯಾಯಿತು. ಲ್ಯಾಟಿನಿನಲ್ಲಿ ‘ನೆಉರ್’ ಎಂಬುದರ ವ್ಯಂಜನಗಳು ಸ್ಥಾನ ಬದಲಿಸಿ ‘ನೆರ್ವ್’ ಆದುದು ಇನ್ನೊಂದು ವ್ಯತ್ಯಯ. ಧಾತುವಿನ ಅರ್ಥವು ಸುತ್ತುವುದು, ಹೊಸೆಯುವುದು, ನೂಲುವುದು ಎಂದಿರಬೇಕು. ಧಾತುಪಾಠದಲ್ಲಿ ಸುತ್ತುವುದೆಂಬ ಅರ್ಥದಲ್ಲಿ ‘ಸ್ನೈ’ ಧಾತುವುಂಟು, ಲ್ಯಾಟಿನಿನಲ್ಲಿ ನೂಲುವುದಕ್ಕೆ ‘ನೆಓ’ ಎಂಬ ಕ್ರಿಯಾಪದವುಂಟು. ಎಂದರೆ ಈ ಶಬ್ದವು ಹುಟ್ಟಿದುದು ವೈದ್ಯನ ಮನೆಯಲ್ಲಲ್ಲ, ಹುರಿ ಹೊಸೆಯುವವನ ಅಂಗಳದಲ್ಲಿ. ಹತ್ತಿಯ ನಾಡಾದ ರಾಣೇಬೆನ್ನೂರು ಬ್ಯಾಡಗಿಗಳ ಕಡೆಯಲ್ಲಿ ಪಿಂಜಾರನು ಅರಳೆಯನ್ನು ಹಿಂಜುತ್ತಿದ್ದ ಬಿಲ್ಲಿನ ಹೆದೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಣಿಯ ದೇಹದಿಂದ ತೆಗೆದು ಹೊಸೆದ ಹುರಿಯೇ ಅಲ್ಲಿ ಹೆದೆಯಾಗುವುದು. ಬೆರಳು ತಗುಲಿದರೆ ವೀಣೆಯ ತಂತಿಯಂತೆ ನುಡಿಯುವುದು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ‘ಸ್ನಾಯು’ವಿನ ಲಕ್ಷಣವು ಸ್ಪಷ್ಟವಾಗಿದೆ. ಸ್ನಾಯುಗಳು ಒಟ್ಟು 900: ಕೈಕಾಲುಗಳಲ್ಲಿ 600, ನಡುಮೈಯಲ್ಲಿ 230, ಕೊರಳಿನಿಂದ ಮೇಲೆ 70. ಮಾಂಸಖಂಡಕ್ಕೆ ಅಲ್ಲಿ ‘ಪೇಶಿ’ಯೆಂದು ಹೆಸರು, ಅವು 500. ಸಿರೆಗಳು 700. ಸ್ನಾಯುವಿನ ಕಾರ್ಯವನ್ನು ತಿಳಿಸಲು ಸುಶ್ರುತನು ದೋಣಿಯ ಉಪಮಾನವನ್ನು ತಂದಿರುವನು. ಹಲಗೆಗಳನ್ನು ಜೋಡಿಸಿ ಹಲವು ಕಟ್ಟುಗಳಿಂದ ಬಿಗಿದ ದೋಣಿಯು ನೀರಿನ ಮೇಲೆ ಹೇಗೆ ಭಾರವನ್ನು ಹೊರುವುದೋ ಹಾಗೆಯೇ ಸಂಧಿಗಳಲ್ಲಿ ಸ್ನಾಯುಗಳಿಂದ ಕಟ್ಟಲ್ಪಟ್ಟ ಮನುಷ್ಯನು ಭಾರವನ್ನು ಹೊರುವನೆಂದು ಅದರ ತಾತ್ಪರ್ಯ. ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರವು ಇದೇ ರಾಣೇಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿದೆ; ಹರಿಗೋಲಿನ ಕಟ್ಟು ಸಡಿಲಿದರೆ ಏನಾಗುವುದೆಂಬುದನ್ನು ಅಲ್ಲಿಯವರಿಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ. ಎಲುಬು, ಪೇಶಿ, ಸಿರೆ, ಸಂಧಿ ಇವುಗಳಿಗೆ ತಗುಲಿದ ಪೆಟ್ಟಿಗಿಂತಲೂ ಸ್ನಾಯುವಿಗೆ ತಗುಲಿದ ಪೆಟ್ಟು ಹೆಚ್ಚು ಕೇಡುಮಾಡುವುದೆಂದೂ ಸುಶ್ರುತನು ಹೇಳಿರುವನು. ಇದು ಶಸ್ತ್ರವೈದ್ಯನ ಅನುಭವದ ಮಾತು.

ಹಾಗಾದರೆ ಅರಿವನ್ನು ಒಯ್ಯುವ ಕಾರ್ಯವು ಯಾವುದರದು? ಸುಶ್ರುತನು ಅದನ್ನು ಸ್ನಾಯುವಿಗೆ ಕೊಡಲಿಲ್ಲ. ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳನ್ನು ಒಯ್ಯುವವು ಧಮನಿಗಳೆಂದು ಅವನ ಮತ. ಇಂದು ‘ಧಮನಿ’ಯೆಂದರೆ ಹೃದಯದಿಂದ ಹೊರಡುವ ರಕ್ತನಾಳ. ಆದುದರಿಂದ ಸಂಹಿತೆಯ ‘ಸ್ನಾಯು’ವನ್ನು ‘ನರ್ವ್’ ಎಂದಾಗಲಿ ‘ಮಸಲ್’ ಎಂದಾಗಲಿ ಅನುವಾದಿಸಿ, ಸಂಖ್ಯೆ ಹೊಂದದೆಂದು ಪ್ರಾಚೀನರನ್ನು ಆಕ್ಷೇಪಿಸುವವರು ಮೊದಲು ತಮ್ಮ ಅನುವಾದವನ್ನು ಆಕ್ಷೇಪಿಸಿಕೊಳ್ಳಬೇಕು.

ಈ ಒಂದು ‘ಸ್ನಾಯು’ ಶಬ್ದವು ಈಗಿನ ದೇಶಭಾಷೆಗಳಲ್ಲಿ ಪಡೆದಿರುವ ಗತಿಯನ್ನು ನೋಡಿದರೆ ಆಶ್ಚರ್ಯವಾಗುವುದು. ಬಂಗಾಳಿಯಲ್ಲಿ ಸ್ನಾಯುವೆಂದರೆ ನರ್ವ್. ‘ಸ್ನಾಯುತಂತ್ರ’ವೆಂದರೆ ಮಿದುಳು ಮೊದಲಾದವುಗಳ ವ್ಯೂಹ. ಮಲಯಾಳದ ಶಾಸ್ತ್ರಗ್ರಂಥಗಳಲ್ಲಿ ಸ್ನಾಯುವೆಂದರೆ ಎಲುಬಿನಿಂದೆಲುಬಿಗೆ ಬಿಗಿದ ಕಟ್ಟು. ಮಾಂಸಖಂಡಕ್ಕೆ ಮಲಯಾಳದಲ್ಲಿ ಸುಶ್ರುತನ ‘ಪೇಶಿ’, ತೆಲುಗಿನಲ್ಲಿ ‘ಕಂಡರ’. ಮರಾಠಿ, ಗುಜರಾತಿ, ಕನ್ನಡಗಳಲ್ಲಿ ಸ್ನಾಯುವೆಂದರೆ ಮಾಂಸಖಂಡವೇ. ‘ಪೇಶಿ’ಯಾದರೋ ಹಿಂದಿಯಲ್ಲಿ ಮಾಂಸಖಂಡ, ಮರಾಠಿಯಲ್ಲಿ ಜೀವಕೋಶ. ಕಾಶಿಯ ವೈದ್ಯನೂ ಕಲಕತ್ತೆಯ ವೈದ್ಯನೂ ಪುಣೆಯ ವೈದ್ಯನೂ ಒಂದೆಡೆ ಕುಳಿತು ಸಂಸ್ಕೃತಶಬ್ದಗಳನ್ನೇ ಬಳಸಿ ಮಾತಾಡಿದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ತಿಳಿಯದೆಂಬುದೂ ತಿಳಿಯದು! ಪಾರಿಭಾಷಿಕಶಬ್ದಗಳೆಲ್ಲ ಸಂಸ್ಕೃತದವಾದರೆ ಭಾರತಕ್ಕೆಲ್ಲ ಏಕರೂಪತೆಯು ತಾನಾಗಿಯೇ ಬರುವುದೆಂದು ವಾದಿಸುವವರು ಈ ನಿದರ್ಶನವನ್ನು ಗಮನಿಸತಕ್ಕದ್ದು.

ಮಾಂಸಖಂಡವೆಂಬ ಅರ್ಥವುಳ್ಳ ಈ ಮೂರು ಭಾಷೆಗಳೂ ಹಿಂದಿನ ಮುಂಬಯಿ ಇಲಾಖೆಯ ಭಾಷೆಗಳೆಂಬುದು ಗಮನಾರ್ಹವಾಗಿದೆ. ಈಗ ಹಾವೇರಿ ಜಿಲ್ಲೆಯಾಗಿರುವ ಸೀಮೆಯು 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿದ್ದಿತು. ಆ ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಒಂದೇ ಶಿಕ್ಷಣ ಇಲಾಖೆಯ ಆಶ್ರಯದಲ್ಲಿ ಬೆಳೆದ ಮೂರು ಭಾಷೆಗಳು ಒಂದೇ ಅರ್ಥಪಲ್ಲಟವನ್ನು ಪಡೆದುದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಅದು ಹೇಗೇ ಇರಲಿ, ಪಲ್ಲಟಕ್ಕೆ ವಸ್ತುವಿನಲ್ಲಿಯೂ ಕಾರಣವುಂಟು. ಮಾಂಸಖಂಡದ ತುದಿಯೇ ಬಿಗಿದು ಹುರಿಯಾಗಿ ಎಲುಬಿಗೆ ಅಂಟುವುದು. ಹುರಿಯ ಹೆಸರು ಖಂಡಕ್ಕೆ ಹಬ್ಬುವುದು ಸುಲಭ.

ಮಾಂಸಖಂಡದ ಮಾತು ಬಂದುದರಿಂದ ಅದರ ಲ್ಯಾಟಿನ್ ಹೆಸರನ್ನೂ ಇಲ್ಲಿಯೇ ಹೇಳಿಬಿಡುವೆನು. ‘ಮುಸ್ಕುಲುಸ್’ ಎಂದರೆ ಪುಟ್ಟ ಇಲಿ. ತೋಳನ್ನು ಮಡಿಸಿದಾಗ ತೊಗಲಿನ ಕೆಳಗೆ ಓಡುವ ಉಬ್ಬು ಅವರಿಗೆ ಇಲಿಯಂತೆ ಕಂಡಿತು. ಗ್ರೀಕಿನಲ್ಲಿ ‘ಮೂಸ್’ ಎಂಬ ಒಂದೇ ಶಬ್ದವು ಇಲಿಗೂ ಖಂಡಕ್ಕೂ ಸಲ್ಲುವುದು; ರಷ್ಯದ ಭಾಷೆಯಲ್ಲಿಯೂ ಖಂಡದ ಹೆಸರು ಇಲಿಯಿಂದಲೇ ಹುಟ್ಟಿದೆ. ಸಂಸ್ಕೃತದ ‘ಮೂಷಕ’ವು ಇದರ ಬಂಧು, ವೃಷಣವೆಂಬ ಅರ್ಥದ ‘ಮುಷ್ಕ’ವೂ ಅದೇ ಮೂಲದ ಪುಟ್ಟ ಇಲಿಯೇ. ನಮ್ಮವರಿಗೆ ಕಂಡುದು ಇಲಿಯಲ್ಲ, ಮೀನು. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ನಡುವೆ ಉಬ್ಬಿ ಎರಡು ತುದಿಗೂ ಸಪುರವಾಗುವ ಭಾಗಕ್ಕೆ ಕನ್ನಡದಲ್ಲಿ ‘ಮೀನಖಂಡ’ವೆಂದು ಹೆಸರು. ತಮಿಳಿನಲ್ಲಿ ‘ಕೆಂಡೈಕ್ಕಾಲ್’, ಕೆಂಡೈ ಎಂಬುದು ಹೊಳೆಯ ಮೀನಿನ ಒಂದು ಜಾತಿ. ಅದೇ ಭಾಗವು ಮರಾಠರಿಗೆ ಹೊಟ್ಟೆಯಂತೆ ತೋರಿ ‘ಪೋಟರೀ’ ಎನಿಸಿತು. ಗ್ರೀಕರೂ ಅದನ್ನು ಕಾಲಿನ ಹೊಟ್ಟೆಯೆಂದೇ ಕರೆದರು. ಇಲ್ಲಿ ಯಾರೂ ಯಾರಿಂದಲೂ ಸಾಲ ಪಡೆದಿಲ್ಲ. ಕಣ್ಣು ಕಂಡುದನ್ನು ನಾಲಗೆ ಆಡಿತು, ಅಷ್ಟೇ.

ಇನ್ನು ಮುಖ್ಯವಾದ ಪ್ರಶ್ನೆ: ಕನ್ನಡದ ‘ನರ’ವು ಎಲ್ಲಿಂದ ಬಂದಿತು? ಇದನ್ನು ‘ಸ್ನಾಯು’ವಿನ ತದ್ಭವವೆನ್ನುವವರಿಗೆ ಒಂದು ಬಲವಾದ ಆಧಾರವುಂಟೆಂದು ಒಪ್ಪಿಕೊಳ್ಳಬೇಕು. ಪಾಲಿ ಭಾಷೆಯಲ್ಲಿ ಸ್ನಾಯುವಿಗೆ ‘ನಹಾರು’ ಅಥವಾ ‘ನ್ಹಾರು’ ಎಂದು ರೂಪ. ಬೌದ್ಧರು ಧ್ಯಾನಕ್ಕಾಗಿ ಎಣಿಸುವ ದೇಹದ 32 ಭಾಗಗಳಲ್ಲಿ ಅದೂ ಒಂದು. ಪ್ರಾಕೃತದಲ್ಲಿಯೂ ಇದಕ್ಕೆ ಹೊಂದುವ ರೂಪವುಂಟು. ‘ನ್ಹಾರು’ವಿನಿಂದ ‘ನರ’ಕ್ಕೆ ಎಷ್ಟು ದೂರವೆಂದು ಕೇಳಬಹುದು. ಆದರೆ ಕನ್ನಡವೊಂದನ್ನೇ ನೋಡಿ ಈ ಪ್ರಶ್ನೆಯನ್ನು ನಿರ್ಣಯಿಸಬಾರದು. ತೆಲುಗಿನಲ್ಲಿ ‘ನರಮು’, ತುಳುವಿನಲ್ಲಿ ‘ನರ’, ತಮಿಳಿನಲ್ಲಿ ‘ನರಂಬು’, ಮಲಯಾಳದಲ್ಲಿ ‘ಞರಂಬು’. ಕನ್ನಡದಲ್ಲಿಯೇ ‘ನರವು’ ಎಂಬ ರೂಪವೂ ಉಂಟು. ಮಲಯಾಳದ ಆದಿ ಞಕಾರವು ಇಲ್ಲಿ ಸಾಕ್ಷಿ ನುಡಿಯುವುದು. ಕನ್ನಡದ ‘ನಳ್ಳಿ’ಗೆ (ಏಡಿ) ಮಲಯಾಳದಲ್ಲಿ ‘ಞಂಡು’. ಕನ್ನಡದ ‘ನೇಣು’ವಿಗೆ ಮಲಯಾಳದಲ್ಲಿ ಹೆದೆಯೆಂಬ ಅರ್ಥದ ‘ಞಾಣ್’. ಮೂಲದ್ರಾವಿಡದ ಞಕಾರವು ಕನ್ನಡ ತೆಲುಗುಗಳಲ್ಲಿ ನಕಾರವಾಗುವುದೂ ಮಲಯಾಳದಲ್ಲಿ ಹಾಗೆಯೇ ಉಳಿಯುವುದೂ ಕ್ರಮ. ‘ನರ’ವು ಆ ಕ್ರಮಕ್ಕೆ ಸೇರಿದ ಶಬ್ದ. ಪಾಲಿಯ ನಕಾರದಿಂದ ಮಲಯಾಳದ ಞಕಾರವು ಹುಟ್ಟುವುದಕ್ಕೆ ದಾರಿಯಿಲ್ಲ. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿಯೂ ಇದು ದ್ರಾವಿಡಶಬ್ದವಾಗಿಯೇ ನಿಂತಿದೆ. ತಮಿಳಿನ ಸಂಘಕಾಲದ ಕಾವ್ಯಗಳಲ್ಲಿ ‘ನರಂಬು’ ಎಂಬುದು ಯಾೞ್ ಎಂಬ ವಾದ್ಯದ ತಂತಿಗೆ ಸಲ್ಲುವ ಹೆಸರೆಂಬುದನ್ನೂ ಇಲ್ಲಿ ನೆನಪಿನಲ್ಲಿಡಬೇಕು.

ಎಂದರೆ ‘ನರ್ವ್’–‘ಸ್ನಾಯು’ ಇವು ದಾಯಾದಿಗಳು, ಆದರೆ ಮೋರೆಯಲ್ಲಿ ಹೋಲಿಕೆಯಿಲ್ಲ. ‘ನರ್ವ್’–‘ನರ’ ಇವಕ್ಕೆ ಮೋರೆಯ ಹೋಲಿಕೆಯುಂಟು, ರಕ್ತಸಂಬಂಧವಿಲ್ಲ. ಮನುಷ್ಯವಾಚಕವಾದ ಸಂಸ್ಕೃತದ ‘ನರ’ಕ್ಕೂ ಇವೆರಡಕ್ಕೂ ಸಂಬಂಧವಿಲ್ಲ.

ಆದರೂ ಆ ‘ನ್ಹಾರು’ ನಮ್ಮ ನಾಡಿನ ಹತ್ತಿರಕ್ಕೆ ಬಾರದೆ ಹೋಗಲಿಲ್ಲ. ಬಂದುದು ಒಂದು ರೋಗದ ಹೆಸರಾಗಿ. ಮರಾಠಿಯಲ್ಲಿ ‘ನಾರೂ’ ಎಂದರೆ ಕುಡಿಯುವ ನೀರಿನ ಮೂಲಕ ದೇಹವನ್ನು ಹೊಕ್ಕು, ವರ್ಷದ ಹೊತ್ತಿಗೆ ಸುಮಾರು ಒಂದು ಗಜದಷ್ಟು ಬೆಳೆದು, ಕಾಲಿನಲ್ಲಿ ಗುಳ್ಳೆಯೆಬ್ಬಿಸಿ ಹೊರಬರುವ ದಾರದಂಥ ಹುಳು. ವೃಂದನ ಸಿದ್ಧಯೋಗ, ಭಾವಪ್ರಕಾಶ ಮೊದಲಾದ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದೇ ರೋಗಕ್ಕೆ ‘ಸ್ನಾಯುಕ’ವೆಂದು ಹೆಸರು. ಕನ್ನಡದಲ್ಲಿ ‘ನಾರುಹುಣ್ಣು’. ಇಲ್ಲಿಯ ‘ನಾರು’ ಮರಾಠಿಯ ‘ನಾರೂ’ವೋ, ಗಿಡದ ನಾರೆಂಬ ಅರ್ಥದ ನಮ್ಮ ದ್ರಾವಿಡಶಬ್ದವೋ ಎಂದು ಕೇಳಿದರೆ, ಎರಡೂ ಒಂದೇ ಕಡೆಯಲ್ಲಿ ಸಂಗಮಿಸಿವೆಯೆಂಬುದು ನನ್ನ ಅಭಿಪ್ರಾಯ. ಹೊರಗಿನಿಂದ ಬಂದ ಹೆಸರಿಗೆ ಒಳಗಿನ ಅರ್ಥವು ತಾನಾಗಿಯೇ ದೊರೆತಾಗ ಅದು ಹೊರಗಿನದೆಂಬುದನ್ನು ಜನರು ಮರೆಯುವರು. ಹುಣ್ಣಿನಿಂದ ಹೊರಟ ಎಳೆಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುತ್ತಿದ್ದವರಿಗೆ ಅದು ನಾರಲ್ಲದೆ ಮತ್ತೇನು?

ಇದನ್ನು ಹುಳುವೆಂದು ತಿಳಿಯದೆ ದೇಹದ ಹುರಿಯೆಂದೇ ಭ್ರಮಿಸಿದವರು ನಮ್ಮವರು ಮಾತ್ರವಲ್ಲ. ಗ್ರೀಕ್ ವೈದ್ಯನಾದ ಸೊರಾನಸನು ಇದು ಪ್ರಾಣಿಯೇ ಅಲ್ಲ, ನರದಂಥ ಒಂದು ಪದಾರ್ಥವು ಗಟ್ಟಿಯಾಗಿ ಚಲಿಸುವಂತೆ ತೋರುವುದಷ್ಟೇ ಎಂದು ಭಾವಿಸಿದನೆಂದು ಎಜಿನಾದ ಪೌಲನು ಬರೆದಿಟ್ಟಿರುವನು. ಅರಬರು ಇದನ್ನು ಮದೀನೆಯ ನಾಳವೆಂದರು. ಅದನ್ನೇ ಲ್ಯಾಟಿನಿಗೆ ತಿರುಗಿಸಿದವರು ‘ವೇನ ಮೆದಿನೆನ್ಸಿಸ್’ ಎಂದರು. ಮೂರು ನಾಡಿನ ವೈದ್ಯರು ಒಂದು ಹುಳುವನ್ನು ನೋಡಿ ಸ್ನಾಯು, ನೆಉರೋನ್, ನಾಳ ಎಂದುದರಿಂದ, ಈ ಶಬ್ದಗಳಿಗೆಲ್ಲ ಅಂದು ಆಕಾರವೇ ಅರ್ಥವಾಗಿದ್ದಿತು, ಕಾರ್ಯವಲ್ಲ ಎಂಬುದು ಸಿದ್ಧಿಸುವುದು. ಮೆಟ್ಟಿಲುಬಾವಿಗಳ ನೀರನ್ನು ಕುಡಿಯುತ್ತಿದ್ದ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳನ್ನು ಈ ರೋಗವು ಬಹುಕಾಲ ಪೀಡಿಸಿತು. 1983–84ರಲ್ಲಿ ಅದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಭಾರತದ ಕೊನೆಯ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ದೇಶವು ರೋಗಮುಕ್ತವೆಂದು ಘೋಷಿತವಾಯಿತು. ರೋಗವು ಹೋಯಿತು, ಹೆಸರು ಮುದುಕರ ಬಾಯಲ್ಲಿ ಉಳಿದಿದೆ. ಇದನ್ನು ಬರೆದಿಟ್ಟುಕೊಳ್ಳುವ ಕೆಲಸವು ತಡವಾಗಕೂಡದು.

ನಮ್ಮ ‘ನರ’ಕ್ಕೆ ಇಂದಿನ ಶಾಸ್ತ್ರೀಯಾರ್ಥವು ಬಂದುದು ಇಂಗ್ಲಿಷ್ ವೈದ್ಯಶಾಸ್ತ್ರದ ಸಂಪರ್ಕದಿಂದ. ‘ನರ್ವ್’ ಶಬ್ದಕ್ಕೆ ಕನ್ನಡದಲ್ಲಿ ಸಾಟಿಯನ್ನು ಹುಡುಕಿದವರಿಗೆ ಕಿವಿಗೂ ಹತ್ತಿರವಾದ ‘ನರ’ವು ಸಿಕ್ಕಿದುದು ಅದೃಷ್ಟವೇ ಸರಿ, ಗ್ರೀಕರಲ್ಲಿ ಆದಂತೆಯೇ ಇಲ್ಲಿಯೂ ಹುರಿಯ ಹೆಸರು ಮಿದುಳಿನ ಎಳೆಗೆ ಹೋಯಿತು. ಈ ಆಯ್ಕೆಯನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದರಿಂದ ಹುಟ್ಟಿದ ಸಮಾಸಗಳು ಅಷ್ಟು ಸೊಗಸಾಗಿಲ್ಲ. ‘ನರಮಂಡಲ’, ‘ನರವ್ಯೂಹ’, ‘ನರರೋಗ’ ಇವುಗಳಲ್ಲಿ ಪೂರ್ವಪದವು ಕನ್ನಡ, ಉತ್ತರಪದವು ಸಂಸ್ಕೃತ. ಕೇಶಿರಾಜನ ಮತದಲ್ಲಿ ಇವು ಅರಿಸಮಾಸಗಳೇ. ಅದನ್ನು ಕ್ಷಮಿಸಿದರೂ ಸಂಸ್ಕೃತಜ್ಞನಿಗೆ ನರಮಂಡಲವು ಮನುಷ್ಯರ ಗುಂಪಾಗಿಯೇ ತೋರುವುದು, ನರವ್ಯೂಹವು ಸೈನ್ಯದ ರಚನೆಯಾಗುವುದು. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ಪ್ರಸಿದ್ಧ ಸಂಸ್ಥೆಯ ಹೆಸರಿನಲ್ಲಿಯೂ ‘ನರವಿಜ್ಞಾನ’ವೆಂಬುದು ಸೇರಿರುವುದರಿಂದ ಇವು ಈಗ ಬೇರೂರಿದ ಶಬ್ದಗಳು, ಕೀಳಹೋಗುವುದು ವ್ಯರ್ಥ. ಪತ್ರಿಕೆಗಳ ಜಾಹಿರಾತುಗಳಲ್ಲಿ ಮೆರೆಯುವ ‘ನರದೌರ್ಬಲ್ಯ’ವಂತೂ ಇಂಗ್ಲಿಷ್ ಔಷಧಿ ಮಾರುವವರ ನುಡಿಗಟ್ಟಿನ ನೇರವಾದ ಅನುವಾದ, ಅದನ್ನು ಪ್ರಾಚೀನ ವೈದ್ಯದ ಪರಿಭಾಷೆಯೆಂದು ತಿಳಿಯುವವರು ಮೋಸಹೋಗುವರು.

ಸಾಹಿತ್ಯದ ಅಧ್ಯಾಪಕರಿಗೆ ಇದೆಲ್ಲವೂ ಏತಕ್ಕೆಂದರೆ, ಒಂದು ವಚನದ ಸಲುವಾಗಿ. ಬಸವಣ್ಣನವರ ಪ್ರಸಿದ್ಧವಾದ ವಚನವೊಂದರಲ್ಲಿ ಭಕ್ತನು ತನ್ನ ಶರೀರವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡುವನು. ಕಾಯವು ದಂಡಿಗೆಯಾಗಬೇಕು, ತಲೆಯು ಸೋರೆಯಾಗಬೇಕು, ಬೆರಳು ಕಡ್ಡಿಯಾಗಬೇಕು, ನರವು ತಂತಿಯಾಗಬೇಕು. ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟವಾದ ತಮ್ಮ ಅನುವಾದಗ್ರಂಥದಲ್ಲಿ ಇಲ್ಲಿಯ ‘ನರ’ಕ್ಕೆ ‘ನರ್ವ್’ ಶಬ್ದವನ್ನೇ ಇಟ್ಟಿರುವರು. ಇಂಗ್ಲಿಷಿನ ಹಳೆಯ ಅರ್ಥವನ್ನು ಬಲ್ಲ ಓದುಗನಿಗೆ ಅದರಿಂದ ಹಾನಿಯಿಲ್ಲ. ಕವಿಯಾದ ಅನುವಾದಕರಿಗೆ ಆ ಹಳೆಯ ಅರ್ಥದ ಅರಿವಿರಲಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಇಂದಿನ ವಿದ್ಯಾರ್ಥಿಯು ಅನುವಾದವನ್ನಾಗಲಿ ಮೂಲವನ್ನಾಗಲಿ ಓದಿ, ಭಕ್ತನು ತನ್ನ ಸಂವೇದನೆಗಳನ್ನೂ ಮನಸ್ಸಿನ ಸೂಕ್ಷ್ಮತೆಯನ್ನೂ ಅರ್ಪಿಸುತ್ತಿರುವನೆಂದು ಬರೆಯುವನು. ಅಂಥ ವಿವರಣೆಯನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಸಲ ಕಂಡಿರುವೆನು. ವಚನದಲ್ಲಿರುವುದು ಅದಕ್ಕಿಂತ ಕಠೋರವಾದ ಮಾತು. ಹನ್ನೆರಡನೆಯ ಶತಮಾನದ ಕನ್ನಡಿಗನಿಗೆ ನರವೆಂದರೆ ಮೈಯಿಂದ ಸೆಳೆದು ತೆಗೆದು, ಒಣಗಿಸಿ, ಹೊಸೆದು, ಬಿಗಿಯಬಹುದಾದ ಹುರಿ. ದಂಡಿಗೆ, ಸೋರೆ, ಕಡ್ಡಿಗಳು ಹೇಗೆ ಕಣ್ಣಿಗೆ ಕಾಣುವ ವಸ್ತುಗಳೋ ಹಾಗೆಯೇ ಇದೂ ಒಂದು ವಸ್ತು. ಉಳಿದ ಮೂರು ಅಂಗಗಳು ಮೂರ್ತವಾಗಿದ್ದು ಇದೊಂದು ಮಾತ್ರ ಅಮೂರ್ತವಾದರೆ ಸಾಲಿನ ಹೊಂದಿಕೆಯೇ ಕೆಡುವುದು.

ಗೋಕರ್ಣದ ಆತ್ಮಲಿಂಗದ ಕಥೆಯನ್ನು ಹೇಳುವವರು ರಾವಣನು ತನ್ನ ತಲೆಯನ್ನು ಅರಿದು ಬುರುಡೆಮಾಡಿ, ನರಗಳನ್ನು ಕಿತ್ತು ತಂತಿಮಾಡಿ ಶಿವನನ್ನು ಹಾಡಿ ಮೆಚ್ಚಿಸಿದನೆನ್ನುವರು. ನರದ ಬದಲಿಗೆ ಕರುಳೆನ್ನುವವರೂ ಉಂಟು. ನರವೂ ಕರುಳೂ ಹೀಗೆ ಒಂದರ ಸ್ಥಳದಲ್ಲಿ ಮತ್ತೊಂದು ಬರಬಹುದಾದುದರಿಂದಲೇ ಕಥೆಗಾರರ ಮನಸ್ಸಿನಲ್ಲಿದ್ದ ನರವು ಯಾವುದೆಂದು ತಿಳಿಯುವುದು. ಸಂಘಕಾಲದ ತಮಿಳರು ಯಾೞಿನ ತಂತಿಯನ್ನು ‘ನರಂಬು’ ಎಂದುದೂ, ರೋಮಿನವರು ತಮ್ಮ ವಾದ್ಯದ ತಂತಿಯನ್ನು ‘ನೆರ್ವುಸ್’ ಎಂದುದೂ ಇದೇ ಬಗೆಯದು.

ವಚನದ ‘ತಂತಿ’ಯ ವಿಷಯದಲ್ಲಿಯೂ ಒಂದು ಮಾತನ್ನು ಸೇರಿಸಬೇಕು. ಈಗ ತಂತಿಯೆಂದೊಡನೆ ನಮಗೆ ಹೊಳೆಯುವುದು ಲೋಹದ ಎಳೆ. ಆದಕಾರಣ ಇಂದಿನ ಓದುಗನು ಲೋಹದ ತಂತಿಗೂ ಮಿದುಳಿನ ಎಳೆಗೂ ಹೋಲಿಕೆಯನ್ನು ಕಟ್ಟಿ, ವಿದ್ಯುತ್ತಿನ ಕಲ್ಪನೆಯನ್ನೂ ತಂದು ಸೇರಿಸುವನು. ‘ತಂತಿ’ಯು ‘ತಂತ್ರೀ’ ಶಬ್ದದ ತದ್ಭವ. ಸಂಸ್ಕೃತ ಕೋಶಗಳಲ್ಲಿ ‘ತಂತ್ರೀ’ ಎಂಬುದಕ್ಕೆ ವೀಣೆಯ ಎಳೆಯೆಂಬ ಅರ್ಥದ ಜೊತೆಯಲ್ಲಿಯೇ ದೇಹದ ಸಿರೆ, ಸ್ನಾಯು ಎಂಬ ಅರ್ಥವೂ ಉಂಟು. ನರವು ತಂತಿಯಾಗಲೆಂದು ಬೇಡುವಲ್ಲಿ ವಚನಕಾರನು ಎರಡು ದೂರದ ವಸ್ತುಗಳನ್ನು ಹತ್ತಿರಕ್ಕೆ ತಂದಿಲ್ಲ. ಮೈಯೊಳಗೆ ಬಿಗಿದಿದ್ದ ತಂತಿಯನ್ನೇ ಬಿಚ್ಚಿ ದಂಡಿಗೆಗೆ ಬಿಗಿಯೆಂದಿರುವನು.